ಮುಂಬೈಯಲ್ಲಿರುವ ಸುಗುಣ ಟೀಚರ್

ಲೇಡೀಸ್ ಹಾಸ್ಟೆಲ್, ಕುಂದಾಪುರ
೨೦ ಫೆಬ್ರವರಿ ೨೦೦೬, ಸೋಮವಾರ

ಪ್ರೀತಿಯ ಅಮ್ಮಾ,

ಆರೋಗ್ಯ ಹೇಗಿದೆ? ಚಳಿಗೆ ಬೆರಳ ಸಂದಿಯ ಚರ್ಮ ಒಡೆದು, ಬೋರ್ಡಿನ ಮೇಲೆ ಬರೆಯುವಾಗ ಉರಿಯುತ್ತದೆ ಅಂದಿದ್ದೆ. ಕಮ್ಮಿಯಾಯಿತಾ? ಅಮ್ಮಮ್ಮ ಕೊಟ್ಟ ತೆಂಗಿನೆಣ್ಣೆ ಅಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ಅಂತ ನಗಾಡಿದ್ದೆಯಲ್ಲ, ಸ್ವಲ್ಪ ಬಿಸಿ ಮಾಡಿಯಾದರೂ ಹಚ್ಚಿಕೋ. ಬೆಳಿಗ್ಗೆ ಏನಾದರೂ ತಿಂದೇ ಬಸ್ ಹತ್ತು. ಬರೀ ಹೊಟ್ಟೆಯಲ್ಲಿ ಮೊದಲ ಪೀರಿಯಡ್ ತೆಗೆದುಕೊಳ್ಳುವ ಅಭ್ಯಾಸ ನಿನಗೆ ಕೋಟದ ಶಾಲೆಯಲ್ಲಿದ್ದಾಗಿನಿಂದಲೂ ಇತ್ತು ಅಂತ ಅಮ್ಮಮ್ಮ ಈಗಲೂ ಬೈಯುತ್ತಾಳೆ. ಅವಳು ಆರೋಗ್ಯವಾಗಿದ್ದಾಳೆ. ಗದ್ದೆಯಲ್ಲಿ ನೆಲಗಡಲೆ ಕೀಳಿಸುತ್ತಿದ್ದಾಳೆ, ಆಳುಗಳ ಜೊತೆ ದಿನಾ ಜಗಳ. ನಾನು ಚೆನ್ನಾಗಿದ್ದೇನೆ ಅಂತಲೂ ಇಲ್ಲಿ ಬರೆಯಬೇಕು. ಬರೆದಿದ್ದೇನೆ ಅಂತ ತಿಳಿದುಕೋ.

ಅಮ್ಮಾ, ನಿನ್ನೆ ಭಾನುವಾರ ನಿನ್ನ ಫೋನ್ ಬರಲಿಲ್ಲ. ನೀನು ಹೋದ ಮೇಲೆ ಒಂದು ಭಾನುವಾರವೂ ಹೀಗಾದದ್ದಿಲ್ಲ. ಇವತ್ತು ಕ್ಲಾಸ್ ಮುಗಿದ ಕೂಡಲೇ ಎಸ್‌ಟಿಡಿ ಬೂತಿಗೆ ಓಡಿದೆ. ಅಲ್ಲಿ ನಿನ್ನ ಮನೆಯ ಮೆಷಿನ್ ಮಾತಾಡಿತು, ಬೀಪ್ ಆದ ಮೇಲೆ ಹೇಳಿ ಅಂದಿತು. ಏನು ಹೇಳಲಿ? ಆ ಮನೆಯಲ್ಲಿ ನಿನ್ನ ಜೊತೆ ಬೇರೆ ಟೀಚರ್‌ಗಳೂ ಇದ್ದಾರೆ, ಯಾರ ಕಿವಿಗೆ ಬೀಳುತ್ತದೋ. ಸುಮ್ಮನೆ ಇಟ್ಟುಬಿಟ್ಟೆ. ಈಮೇಲ್ ಮಾಡೋಣ ಅಂದರೆ ನಿನ್ನ ಐಡಿ ಶಾಲೆಯವರು ಕೊಟ್ಟದ್ದು, ಅವರೂ ಓದಬಹುದು ಅಂತ ನೀನೇ ಹೇಳಿದ್ದೆ. ಅದಕ್ಕೇ ಈ ಕಾಗದ, ಸ್ಪೀಡ್ ಪೋಸ್ಟ್ ಮಾಡುತ್ತೇನೆ. ನನ್ನದು ಹಾಸ್ಟೆಲ್ ಕನ್ನಡ, ಮಧ್ಯೆ ಮಧ್ಯೆ ಇಂಗ್ಲಿಷ್ ನುಗ್ಗುತ್ತದೆ. ಕೆಂಪು ಪೆನ್ನು ಹಿಡಿಯಬೇಡ. ಕೂತುಕೊಂಡು ಓದು. ನನಗೆ ತುಂಬಾ ಹೆದರಿಕೆಯಾಗಿದೆ.

ಶನಿವಾರ ಮಧ್ಯಾಹ್ನ ನಾನು ಕೋಟದಲ್ಲಿ ಬಸ್ಸಿಳಿದಾಗ ಬಚ್ಚಣ್ಣ ತನ್ನ ಅಂಗಡಿಯ ಒಳಗಿಂದಲೇ ಕೂಗಿದ. "ಹ್ವಾಯ್ ಚೇತನಾ, ಬೇಗ ಮನಿಗ್ ಹೋಗ್, ಜನ ಬಂದಿತ್ತ್!" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಏನು ಅಂತ ಕೇಳಿದರೆ, "ಮಾಣಿ ಕಡಿಯವ್ರ್ ಇರ್ಕ್. ನಾನ್ ಎಲ್ಲ ಲಾಯ್ಕ್ ಮಾಡಿ ಹೇಳಿದ್ದೆ, ನೀ ಮಂಡೆ ಬಿಸಿ ಮಾಡ್ಕಂಬೇಡ" ಅಂದ. ಬೈಕಿನಲ್ಲಿ ಬಂದ ಒಬ್ಬ ನಮ್ಮ ಮನೆಯ ವಿಷಯ ಕೇಳಿದನಂತೆ. ನಮ್ಮೂರು ನಿನಗೆ ಗೊತ್ತಲ್ಲ. ಗುರುತಿಲ್ಲದವರು ಅಂಗಡಿಯ ಹತ್ತಿರ ನಿಂತು ಒಂದು ಮನೆಯ ತಾಯಿ ಯಾರು, ಎಲ್ಲಿದ್ದಾರೆ ಅಂತ ಕೇಳಿದರೆ ಹೆಣ್ಣು ನೋಡುವ ಮೊದಲು ವಿಚಾರಿಸಲಿಕ್ಕೆ ಬಂದಿದ್ದಾರೆ ಅಂತಲೇ ಲೆಕ್ಕ. ಆಗ ನೆರೆಕರೆಯವರು ಬಾಯಿ ತುಂಬ ಒಳ್ಳೆಯದನ್ನು ಹೇಳಬೇಕು, ಇಲ್ಲದ್ದನ್ನೂ ನಾಲ್ಕು ಸೇರಿಸಬೇಕು. ಮಾಡದಿದ್ದರೆ ನಾಳೆ ತಮ್ಮ ಮನೆ ಹುಡುಗಿಗೆ ಯಾರೂ ಹೇಳುವುದಿಲ್ಲ. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಫಸ್ಟ್ ಬಿಎಸ್ಸಿ ಮುಗಿದಿಲ್ಲ, ನನಗೆಂತ ಮದುವೆ ಅಂತ ಗೊಣಗುತ್ತಾ ಮನೆಗೆ ಹೋದೆ. ಅದು ಬರೀ ಹೆಣ್ಣು ನೋಡುವ ವಿಷಯವೇ ಆಗಿರಬಾರದಿತ್ತಾ ಅಂತ ಈಗ ಅನ್ನಿಸುತ್ತದೆ.

ಜಗಲಿಯಲ್ಲಿ ಒಬ್ಬ ಬೆಲ್ಲ ನೀರು ಕುಡಿಯುತ್ತ ಕೂತಿದ್ದ. ಕುತ್ತಿಗೆಯಲ್ಲಿ ಐಡಿ ಕಾರ್ಡ್, ಹೆಸರು ರೋಷನ್. ಅಮ್ಮಮ್ಮ ಒಳ್ಳೆಯ ಸೀರೆ ಉಟ್ಟು ಎದುರಿಗೆ ಕೂತು, "ಮಗ್ಳ್ ಬೊಂಬಾಯಂಗೆ ತಮ್ಮನ್ ಹೋಟ್ಲ್ ಪೂರಾ ಅವ್ಳೇ ಕಾಂಬ್ದ್, ಗಲ್ಲೆ ಅವ್ಳ್ ಕೈಯಂಗೇ" ಅಂತ ಹೇಳುತ್ತಿದ್ದಳು. ನಾನು ಬಂದದ್ದು ನೋಡಿ ಆತ ಎದ್ದು ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದ, ಆಮೇಲೆ ಮಂಗಳೂರು ಕಡೆಯ ಕನ್ನಡದಲ್ಲಿ ಬಿಡಿಸಿ ಹೇಳಿದ. ಅವನು ಮದುವೆಗೆ ಬಂದವನಲ್ಲ ಅಮ್ಮಾ. ನೀನು ಕೆಲಸ ಮಾಡುವ ಶಾಲಾ ಬೋರ್ಡಿನವರು ವೆರಿಫಿಕೇಶನ್ ಕಂಪನಿಯೊಂದಕ್ಕೆ ಕೊಟ್ಟ ಕೆಲಸಕ್ಕೆ ಬಂದವನು. ನಿನ್ನ ವೀಸಾ ಜುಲೈಗೆ ಮುಗಿಯುತ್ತದೆ, ಇನ್ನು ಮೂರು ವರ್ಷ ಬೇಕಾದರೆ ಅರ್ಜಿ ಹಾಕಬೇಕಾದ್ದು ನೀನಲ್ಲ, ನಿನ್ನನ್ನು ಕೆಲಸಕ್ಕೆ ಇಟ್ಟುಕೊಂಡ ಅವರು. ಇಂಡಿಯಾದಿಂದ ಕರೆಸಿಕೊಂಡ ಒಬ್ಬ ಟೀಚರ್ ವಿಷಯದಲ್ಲಿ ಅವರಿಗೆ ಮೋಸವಾಗಿದೆಯಂತೆ. ಅಕ್ಕನ ಸರ್ಟಿಫಿಕೇಟು, ಅಕ್ಕನ ಹೆಸರು, ಪಾಠ ಮಾಡುತ್ತಿದ್ದದ್ದು ಮಾತ್ರ ತಂಗಿ. ಅದು ಸಿಕ್ಕಿಬಿದ್ದ ಮೇಲೆ ಎಲ್ಲರ ಊರಿಗೂ ಜನ ಕಳಿಸಿದ್ದಾರೆ.

ಅಷ್ಟು ಹೇಳಿ ಅವನು ನನ್ನನ್ನು ಕೇಳಿದ. "ಕೋಟದ ಹೈಸ್ಕೂಲಲ್ಲಿ ಗಣಿತ ಕಲಿಸಿದ ಸುಗುಣ ಟೀಚರ್ ಇದ್ದದ್ದು ಸತ್ಯ, ರೆಕಾರ್ಡ್ ಉಂಟು. ಆದರೆ ಅವರು ಮುಂಬೈಯಲ್ಲಿ ಇದ್ದಾರೆ ಅಂತ ಹೆಡ್‌ಮಾಸ್ಟ್ರು ಹೇಳಿದ್ರು, ಅಂಗಡಿಯವರು ಹೇಳಿದ್ರು, ಈಗ ನಿಮ್ಮ ಅಜ್ಜಿ ಕೂಡ ಹೇಳಿದ್ರು. ಹಾಗಾದ್ರೆ ಅಮೆರಿಕದಲ್ಲಿ ಅವರ ಹೆಸರಲ್ಲಿ ಪಾಠ ಮಾಡ್ತಾ ಇರೋದು ಯಾರು ಮಿಸ್?"

ಅಮ್ಮಾ, ನಾನು ಹೆಗಲ ಚೀಲವನ್ನೂ ಇಳಿಸದೆ ಜಗಲಿಯ ತುದಿಯಲ್ಲಿ ಕೂತೆ.

ಅಮ್ಮಮ್ಮನ ಮೇಲೆ ಸಿಟ್ಟಾಗಬೇಡ. ಯತೀಶಣ್ಣ ಮಸ್ಕತ್‌ಗೆ ಹೊರಟದ್ದು ನೀನೂ ನೋಡಿದ್ದೀಯ. ಊರಿಗೆಲ್ಲ ಊಟ ಹಾಕಿ, ಹಾರ ಹಾಕಿಸಿಕೊಂಡು ಹೋದವನು ವೀಸಾ ಸರಿಯಿಲ್ಲ ಅಂತ ಏರ್‌ಪೋರ್ಟಿನಿಂದಲೇ ತಿರುಗಿ ಬಂದ. ಆಮೇಲೆ ಅವನನ್ನು ಎಲ್ಲರೂ ಮಸ್ಕತ್ ಅಂತಲೇ ಕರೆದರು, ಅವನ ಮಗನನ್ನೂ ಹಾಗೇ ಕರೆಯುತ್ತಾರೆ. ನಿನ್ನ ವಿಷಯ ಬಂದಾಗ ಅಮ್ಮಮ್ಮ ಹಾಕಿದ ಕಟ್ಟಳೆ ಅದೇ ಹೆದರಿಕೆಯದ್ದು. "ಹೋದವ್ಳ್ ತಿರುಗಿ ಬಂದ್ ಈ ಹೊಸ್ಲ್ ದಾಟುವರಿಗೆ ಬಾಯಿ ಬಿಡುಕಾಗ." ಪಾಂಡು ಮಾವನ ಹೋಟೆಲು ಅಂಧೇರಿಯಲ್ಲಿ ಇದ್ದದ್ದೇ ಇತ್ತು, ನಮ್ಮ ಕಡೆಯ ಅರ್ಧ ಜನ ಮುಂಬೈ ಹೋಟೆಲುಗಳಲ್ಲಿರುವಾಗ ಯಾರಿಗೂ ಸಂಶಯ ಬರಲಿಲ್ಲ. ಶಾಲೆಯಲ್ಲಿ ನೀನು ರಜೆ ಕೇಳಿದ್ದೂ ಮಾವನ ಸಂಸಾರದ ಹೆಸರಿನಲ್ಲಿ. ನನ್ನ ರೂಮ್‌ಮೇಟ್ ಸ್ವಾತಿ ಕೂಡ ನೀನು ಮುಂಬೈಯಲ್ಲೇ ಇದ್ದೀ ಅಂತ ನಂಬಿದ್ದಳು. ನೀನು ಕಳಿಸುವ ಚಾಕಲೇಟಿಗೆ ಮುಂಬೈ ಚಾಕಲೇಟು ಅಂತ ಹೆಸರು. ಭಾನುವಾರ ನಿನ್ನ ಫೋನ್ ಬಂದಾಗ ಅಮ್ಮಮ್ಮ, ಪಕ್ಕದ ಮನೆಗೆ ಕೇಳಬೇಕು ಅಂತಲೇ, "ಲೋಕಲ್ ಟ್ರೇನಂಗ್ ಜಾಗ್ರತಿ, ಬಾಗ್ಲಂಗ್ ನಿಲ್ಬೇಡ" ಅಂತ ಕಿರುಚುತ್ತಿದ್ದಳು. ಅತ್ತ ಹಿಮ ಬಿದ್ದು ಶಾಲೆಗೆ ರಜೆ ಅಂತ ನೀನು ಹೇಳುತ್ತಿದ್ದೆ. ನಾವು ಎಷ್ಟು ನಕ್ಕಿದ್ದೇವೆ. ಈಗ ಆ ಮುಂಬೈ ಕಥೆಯೆಲ್ಲ ಒಂದೊಂದಾಗಿ ಅವನ ಪ್ಯಾಡಿನಲ್ಲಿ ಬರೆದಾಗಿದೆ.

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಧ್ಯೆ ಅಮ್ಮಮ್ಮ, "ಎಂತ ಹೇಳ್ತೆ ಹೆಣೆ, ಸುಮ್ನೆ ಕೂಕೋ" ಅಂತ ನನ್ನ ಕೈ ಚಿವುಟಿದಳು. ಚಿವುಟಿದ್ದನ್ನು ಅವನು ನೋಡಿದ. ಅವನು ಕೆಟ್ಟವನಲ್ಲ ಅಮ್ಮಾ, ಆದರೆ ಸಂಶಯ ಪಡುವುದೇ ಅವನ ಕೆಲಸ. "ವೀಸಾ ಅಂದ ಕೂಡಲೇ ಎಲ್ಲ ಮನೆಯವರಿಗೂ ಹೊಸ ಕಥೆ ನೆನಪಾಗ್ತದೆ" ಅಂದ. ನಾನು ಒಳಗೆ ಓಡಿ, ಅಮ್ಮಮ್ಮ ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಿದ್ದ ಕ್ರಿಸ್‌ಮಸ್ ಫೋಟೋ ತಂದು ಕೊಟ್ಟೆ. ನೀನು, ನಿನ್ನ ಕ್ಲಾಸಿನ ಮಕ್ಕಳು, ಹಿಂದೆ ಹಿಮ. ಅದರಲ್ಲಿ ನಿನ್ನ ಕೂದಲು ಕುತ್ತಿಗೆವರೆಗೆ ಮಾತ್ರ ಇದೆ, ಕನ್ನಡಕ ಬಂದಿದೆ, ಗಲ್ಲದವರೆಗೆ ಮುಚ್ಚಿದ ದಪ್ಪ ಕೋಟು. ಅವನ ಹತ್ತಿರ ಶಾಲೆಯಿಂದ ತಂದ ಹಳೇ ಗ್ರೂಪ್ ಫೋಟೋದ ನಕಲಿತ್ತು. ಅದರಲ್ಲಿ ನೀನು ಕಾಟನ್ ಸೀರೆ ಉಟ್ಟು, ಮೊಣಕಾಲಿಗೆ ಬರುವ ಜಡೆ ಮುಂದಕ್ಕೆ ಹಾಕಿಕೊಂಡು ಕೂತಿದ್ದೀ. ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿದ. ಆಮೇಲೆ ಎರಡನ್ನೂ ತನ್ನ ಪ್ಯಾಡಿಗೆ ಸಿಕ್ಕಿಸಿಕೊಂಡ.

ಅವನ ಬೈಕಿನ ಹಿಂದೆ ಕೂತು ನಾನೇ ಪ್ರೇಮಾನಂದ ಮಾಸ್ಟ್ರ ಮನೆಗೆ ಹೋದೆ. ನಿನ್ನ ಜೊತೆ ಅಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ಕೂತವರು, ಈಗ ಹೆಡ್‌ಮಾಸ್ಟ್ರು, ಅವರಾದರೂ ಗುರುತು ಹಿಡಿಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಮುಖ ಹಾಂಗೇ ಕಾಣ್ತತ್ತ್. ಆದ್ರೆ ಬರ್ದ್ ಕೊಡುಕೆ ನನ್ ಹತ್ರ ಆತಿಲ್ಲೆ. ಸುಗುಣ ನಂಗೇ ಬೊಂಬಾಯಿಗ್ ಹೋತೆ ಅಂದ್ ಹೇಳಿ ಹೋದ್ದ್" ಅಂದರು. ಆ ಮಾತಿನಲ್ಲಿ ನೋವಿತ್ತು ಅಮ್ಮಾ. ನೀನು ಅವರಿಗೂ ಹೇಳದೆ ಹೋದದ್ದು ಅವರಿಗೆ ಮೊನ್ನೆಯೇ ಗೊತ್ತಾದದ್ದು. ಹಿಂದಿರುಗುವಾಗ ರೋಷನ್ ಹೇಳಿದ್ದು ಇಷ್ಟು. ಊರವರು ಹೇಳಿದ್ದನ್ನು ಹಾಗೇ ಬರೆದು ಕಳಿಸಿದರೆ ಬೋರ್ಡಿನವರು ಅರ್ಜಿ ಹಾಕುವುದಿಲ್ಲ. ಅವರು ಕೈಬಿಟ್ಟ ಮೇಲೆ ಆ ವೀಸಾದಲ್ಲಿ ಬೇರೆ ಕಡೆ ಹೋಗಿ ದುಡಿಯುವ ಹಾಗಿಲ್ಲ, ದೇಶ ಬಿಡಬೇಕು. ಬೇರೆಯವರ ಹೆಸರಿನಲ್ಲಿ ಬಂದವಳು ಅಂತ ದಾಖಲಾದರೆ ಪೊಲೀಸಿಗೂ ಹೋಗಬಹುದು. ಇಲ್ಲಿ ನಿನ್ನ ಜಾಗಕ್ಕೆ ಬೇರೆ ಟೀಚರ್ ಬಂದಾಗಿದೆ. ಅಲ್ಲಿ ಸುಗುಣ ಅಲ್ಲ ಅನ್ನಿಸಿಕೊಂಡು, ಇಲ್ಲಿಯೂ ಕೆಲಸ ಇಲ್ಲದೆ... ನಾನು ಮುಂದೆ ಯೋಚಿಸುವುದಿಲ್ಲ.

ನಿನ್ನೆ ಬೆಳಿಗ್ಗೆ ಅಮ್ಮಮ್ಮ ಏನು ಮಾಡಿದಳು ಗೊತ್ತಾ? ಗಂಜಿ ಉಣ್ಣದೆ, ಮದುವೆಗೆ ಉಡುವ ಸೀರೆ ಉಟ್ಟು ಸೀದಾ ಬಚ್ಚಣ್ಣನ ಅಂಗಡಿಗೆ ಹೋಗಿ ನಿಂತಳು. ಭಾನುವಾರ, ಮೀನಿಗೆ ಹೊರಟ ಗಂಡಸರೆಲ್ಲ ಅಲ್ಲೇ ಇದ್ದರು. "ಎಲ್ಲರೂ ಕೇಣಿ. ನನ್ ಮಗ್ಳ್ ಬೊಂಬಾಯಂಗಿಲ್ಲ. ಅಮೇರಿಕದಂಗೆ ಮಕ್ಳಿಗ್ ಲೆಕ್ಕ ಹೇಳಿ ಕೊಡ್ತಳ್. ಇಷ್ಟ್ ದಿನ ನಾನ್ ನಿಮ್ಗೆಲ್ಲ ಸುಳ್ ಹೇಳಿದ್ದೆ" ಅಂದಳು. ನಾನು ಅವಳ ಹಿಂದೆಯೇ ನಿಂತಿದ್ದೆ. ಅಲ್ಲಿದ್ದ ಒಬ್ಬರು, "ಅಮ್ಮ, ಹೆಣ್ಣಿನ ಸಂಬಂಧ ಗಟ್ಟಿ ಮಾಡುಕೆ ಅಮೇರಿಕ ತನಕ ಹೋಪ್ದ್ ಬ್ಯಾಡ, ಬೊಂಬಾಯೇ ಸಾಕ್" ಅಂದರು. ಅಂಗಡಿ ಇಡೀ ನಕ್ಕಿತು. ಯಾರೂ ನಂಬಲಿಲ್ಲ ಅಮ್ಮಾ! ಸುಳ್ಳು ಹೇಳಿದಾಗ ತಲೆಯಾಡಿಸಿದವರು ನಿಜ ಹೇಳಿದಾಗ ನಗುತ್ತಿದ್ದಾರೆ. ಬಚ್ಚಣ್ಣ ಒಬ್ಬ ನಗಲಿಲ್ಲ. ಅವನ ಮುಖ ಕೆಂಪಾಗಿತ್ತು. "ಹಾಂಗಾರೆ ಹೋದ್ ವರ್ಷ ಅಂಧೇರಿ ಸ್ಟೇಷನಂಗ್ ನಾನ್ ಕಂಡದ್ದ್ ಯಾರ್ನ? ಊಟ ಮಾಡ್ಕಂಡೇ ಹೋಯ್ಕ್ ಬಚ್ಚಣ್ಣ ಅಂದದ್ದ್ ಯಾರ್?" ಅಂತ ಕೇಳಿದ. ರೋಷನ್‌ನ ಹತ್ತಿರ ಅವನು ಹಾಗೇ ಹೇಳಿ, ಸಹಿಯನ್ನೂ ಹಾಕಿಕೊಟ್ಟಿದ್ದಾನೆ.

ಮನೆಗೆ ಬಂದು ಅಮ್ಮಮ್ಮ ಊಟ ಮಾಡಲಿಲ್ಲ. ಫೋನಿನ ಪಕ್ಕ ಮಣೆ ಹಾಕಿಕೊಂಡು ಕೂತಳು. ಇವತ್ತಾದರೂ ಗಟ್ಟಿಯಾಗಿ ಅಮೇರಿಕ ಅಂತ ಹೇಳಿ ಮಾತಾಡುತ್ತೇನೆ ಅಂದಳು. ನಿನ್ನ ಫೋನ್ ಬರಲೇ ಇಲ್ಲ. ಅಷ್ಟರಲ್ಲೇ ಬೋರ್ಡಿನವರು ನಿನ್ನನ್ನು ಕರೆದು ಕೇಳಿದರಾ? ಫೋನ್ ಮಾಡಬಾರದು ಅಂದರಾ? ಅಥವಾ ಬರೀ ಹುಷಾರಿಲ್ಲವಾ? ಬರೀ ಜ್ವರ ಇರಲಿ ಅಂತ ನಾನು ದೇವರ ಹತ್ತಿರ ಬೇಡಿಕೊಂಡೆ. ತಾಯಿಗೆ ಜ್ವರ ಬರಲಿ ಅಂತ ಯಾರಾದರೂ ಬೇಡುತ್ತಾರಾ?

ಸಂಜೆ ಬಚ್ಚಣ್ಣ ಹಿತ್ತಿಲ ಕಡೆಯಿಂದ ಬಂದ, ಅಂಗಡಿಯವರಿಗೆ ಕಾಣಬಾರದು ಅಂತ ಇರಬೇಕು. ಸ್ವಲ್ಪ ಹೊತ್ತು ನೆಲಗಡಲೆ ಹೇಗಿದೆ ಅಂತ ಕೇಳಿದ. ಆಮೇಲೆ, "ಹೆಣ್ಣಿಗ್ ಒಳ್ಳೆದಾಯ್ಲಿ ಅಂದೇ ನಾನ್ ಹೇಳಿದ್ದ್ ಅಮ್ಮ. ನಾನ್ ಅಂಧೇರಿಗ್ ಹೋಯಿ ಹತ್ ವರ್ಷ ಆಯ್ತ್" ಅಂತ ನೆಲ ನೋಡುತ್ತಾ ಹೇಳಿದ. ಅಮ್ಮಮ್ಮ ಅವನಿಗೆ ಚಾ ಮಾಡಿಕೊಟ್ಟಳು. ಸುಳ್ಳು ಹೇಳಿದ ಇಬ್ಬರೂ ಎದುರು ಬದುರು ಕೂತು ಚಾ ಕುಡಿದರು, ನನಗೆ ಆ ಹೆದರಿಕೆಯಲ್ಲೂ ನಗು ಬಂತು. "ಸುಗುಣನ ಧ್ವನಿ ಕೇಂಡ್ರೆ ನಾನ್ ಹೇಳ್ತೆ, ಎಲ್ಲಿ ಬೇಕಾರೂ ಹೇಳ್ತೆ" ಅಂತ ಹೇಳಿ ಹೋದ.

ಆ ಮಾತಿನಿಂದಲೇ ಒಂದು ದಾರಿ ಸಿಕ್ಕಿದ್ದು. ಇವತ್ತು ಬೆಳಿಗ್ಗೆ ನಾನು ರೋಷನ್‌ಗೆ ಫೋನ್ ಮಾಡಿ ಕೇಳಿದೆ, ಊರಿನವರೇ ನಿನ್ನ ಜೊತೆ ಮಾತಾಡಿ ಗುರುತು ಹೇಳಿದರೆ ಆಗುತ್ತದಾ ಅಂತ. ಅವನು ತನ್ನ ಆಫೀಸಿನಲ್ಲಿ ಕೇಳಿ ಒಪ್ಪಿದ. ಮಾರ್ಚ್ ೩, ಶುಕ್ರವಾರ ಸಂಜೆ ಇಲ್ಲಿ ದೀಪ ಹಚ್ಚುವ ಹೊತ್ತಿಗೆ, ಅಂದರೆ ಅಲ್ಲಿ ನಿನ್ನ ಶಾಲೆ ಶುರುವಾಗುವ ಹೊತ್ತಿಗೆ, ಅವನು ಕೋಟದ ಶಾಲೆಯ ಫೋನಿನಿಂದ ನಿನ್ನ ಶಾಲೆಯ ಆಫೀಸಿಗೇ ಕರೆ ಮಾಡುತ್ತಾನೆ. ಅಲ್ಲಿ ನಿನ್ನ ಪ್ರಿನ್ಸಿಪಾಲ್ ನಿನ್ನ ಪಕ್ಕದಲ್ಲಿ ಇರಬೇಕು, ಇಲ್ಲಿ ಪ್ರೇಮಾನಂದ ಮಾಸ್ಟ್ರು ಮತ್ತು ಬಚ್ಚಣ್ಣ ಇರುತ್ತಾರೆ. ಇಬ್ಬರೂ ಮಾತಾಡಿ, ಇವಳೇ ಸುಗುಣ ಅಂತ ಬರೆದುಕೊಟ್ಟರೆ ಅದನ್ನೂ ರಿಪೋರ್ಟಿಗೆ ಸೇರಿಸುತ್ತಾನೆ. ಅಲ್ಲಿಯವರೆಗೆ ಕಳಿಸುವುದಿಲ್ಲ ಅಂದಿದ್ದಾನೆ. ಫೋನಿನಲ್ಲಿ ಕೇಳಿದಾಗ ಮಾಸ್ಟ್ರು ಆಫೀಸು ತೆರೆಯಲಿಕ್ಕೆ ಒಪ್ಪಿದ್ದಾರೆ, ಆದರೆ ಗಡಸು ಧ್ವನಿಯಲ್ಲೇ ಒಪ್ಪಿದ್ದು. ಅವರ ಹತ್ತಿರ ಮೊದಲು ತಪ್ಪಾಯಿತು ಅಂತ ಹೇಳು ಅಮ್ಮಾ, ಆಮೇಲೆ ಬೇರೆ ಮಾತು. ಬಚ್ಚಣ್ಣ ಬಂದಾಗ ಅವನ ಮಂಡಿನೋವು ಹೇಗಿದೆ ಅಂತ ಕೇಳು. ಅಂಧೇರಿಯ ಸುದ್ದಿ ಎತ್ತಬೇಡ, ಹತ್ತಿರ ಎಲ್ಲರೂ ನಿಂತಿರುತ್ತಾರೆ ಅಂತ ಅಮ್ಮಮ್ಮ ಹೇಳಿದ್ದಾಳೆ. ಇಂಗ್ಲಿಷ್ ಬೇಡ, ನಮ್ಮ ಕನ್ನಡದಲ್ಲೇ ಮಾತಾಡು. ಅಲ್ಲಿ ಯಾರ ಜೊತೆಯೂ ಆಡದೆ ನಾಲಿಗೆ ತಪ್ಪಿದ್ದರೆ ಈಗಿನಿಂದಲೇ ಒಬ್ಬಳೇ ಆಡಿ ಅಭ್ಯಾಸ ಮಾಡು. ಇದನ್ನು ಬರೆಯುವಾಗ ನನಗೇ ಹುಚ್ಚು ಅನ್ನಿಸುತ್ತದೆ, ನೀನು ನೀನೇ ಅಂತ ತೋರಿಸಲಿಕ್ಕೆ ನೀನು ಅಭ್ಯಾಸ ಮಾಡಬೇಕಾ?

ಕಾಗದ ಅಷ್ಟರೊಳಗೆ ಮುಟ್ಟುತ್ತದಾ ಗೊತ್ತಿಲ್ಲ. ನಡುವಿನ ಭಾನುವಾರ ನೀನು ಫೋನ್ ಮಾಡಿದರೆ ನಾನು ಮನೆಯಲ್ಲೇ ಇರುತ್ತೇನೆ. ಮಾಡದಿದ್ದರೆ ಏನು ಅಂತ ಬರೆಯುವುದಿಲ್ಲ. ಇವತ್ತು ಕ್ಲಾಸಿನಲ್ಲಿ ನನಗೆ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಬಾಗಿಲು ತಟ್ಟಿದರೆ ಬೆಚ್ಚಿ ಬೀಳುತ್ತೇನೆ. ಸ್ವಾತಿಗೆ ನಿಜ ಹೇಳಿಬಿಟ್ಟೆ, ಅವಳು ಪಾಪ ನಂಬಿದಳು, ಹೇಳಿದ ಕೂಡಲೇ ನಂಬಿದವಳು ಅವಳೊಬ್ಬಳೇ. ನೀನು ಧೈರ್ಯವಾಗಿರು. ಇದು ನಾನು ಹೇಳುವ ಮಾತಲ್ಲ, ಗೊತ್ತು.

ಅಮ್ಮಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟ ಹಾಗೆ ತಿಳಿದುಕೋ ಅಂತ ಹೇಳಿದ್ದಾಳೆ. ನನ್ನ ನಮಸ್ಕಾರ ನಿನ್ನ ಎರಡೂ ಪಾದಕ್ಕೆ, ಚಳಿಗೆ ದಪ್ಪ ಸಾಕ್ಸ್ ಹಾಕಿಕೊಂಡಿರು.

ನಿನ್ನ
ಚೇತನಾ

ಮರೆತದ್ದು: ಅಮ್ಮಾ, ಕವರಿಗೆ ಅಂಟು ಹಾಕುವಾಗ ವಾರ್ಡನ್ ರೂಮಿಗೆ ಫೋನ್ ಬಂತು, ರೋಷನ್. ಮಾಸ್ಟ್ರು, ಬಚ್ಚಣ್ಣ ಧ್ವನಿ ಗುರುತು ಹಿಡಿದರೆ ಸಾ‌ಲದಂತೆ. ಆ ಅಕ್ಕ ತಂಗಿಯರ ಧ್ವನಿಯೂ ಒಂದೇ ಥರ ಇತ್ತಂತೆ. ಅದಕ್ಕೆ ಮಗಳು ಒಂದು ಪ್ರಶ್ನೆ ಕೇಳಬೇಕು, ತಾಯಿಗೂ ಮಗಳಿಗೂ ಬಿಟ್ಟು ಬೇರೆ ಯಾರಿಗೂ, ಅಜ್ಜಿಗೂ ಮಾವನಿಗೂ ಗೊತ್ತಿರದ ಒಂದು ವಿಷಯ. ನಾನು ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ನನ್ನ ಮಂಡಿಯ ಗಾಯದ ಗುರುತು ಅಮ್ಮಮ್ಮನಿಗೆ ಗೊತ್ತು. ಅಪ್ಪ ತೀರಿಕೊಂಡ ದಿನ ಮನೆ ತುಂಬ ಜನ. ಐದನೇ ಕ್ಲಾಸಿಗೆ ಹಾಸ್ಟೆಲಿಗೆ ಬಿಡುವಾಗ ನೀನು ಹೇಳಿದ್ದು ವಾರ್ಡನ್ ಎದುರಿಗೆ. ಆಮೇಲೆ ತಿಂಗಳಿಗೊಂದು ಭಾನುವಾರ, ವಿಸಿಟರ್ಸ್ ಹಾಲಿನಲ್ಲಿ ಎಲ್ಲರ ಮಧ್ಯೆ. ಆಮೇಲೆ ಫೋನು, ಅದನ್ನು ಪಕ್ಕದ ಮನೆಯವರೂ ಕೇಳಿದ್ದಾರೆ. ನನಗೆ ಒಂದೂ ಸಿಗುತ್ತಿಲ್ಲ ಅಮ್ಮಾ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವುದು ಏನಾದರೂ ಇದೆಯಾ? ನಾನು ತೀರಾ ಚಿಕ್ಕವಳಿದ್ದಾಗಿನದ್ದಾದರೂ ಸರಿ, ನೀನು ಹುಡುಕು. ಭಾನುವಾರದ ಫೋನಿನಲ್ಲಿ ಹೇಳಬೇಡ, ಎಲ್ಲರೂ ಇರುತ್ತಾರೆ. ಶುಕ್ರವಾರ ನಾನು ಕೇಳುವ ಮೊದಲೇ ನೀನೇ ಹೇಳಿಬಿಡು. ಅದು ನನಗೆ ನೆನಪಿಲ್ಲದಿದ್ದರೂ ನಾನು ಹೌದು ಅನ್ನುತ್ತೇನೆ.